ಗಾಳಿಯ ಒತ್ತಡ: ಕುಕ್ಕರ್‌ನಿಂದ ಟೈರ್‌ವರೆಗೆ ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಡುಗೆಮನೆ, ಗ್ಯಾರೇಜು, ಜಮೀನು, ಮನೆ ತಾರಸಿ, ಊಟಿ ರಸ್ತೆ. ಗಾಳಿಯ ಒತ್ತಡದ ಬಗ್ಗೆ ನಮ್ಮ ಕಡೆಯವರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಇಲ್ಲೇ ಹುಟ್ಟುತ್ತವೆ. ಮೊದಲ ಪ್ರಶ್ನೆಯ ಉತ್ತರ ಓದಿಕೊಂಡು ಆಮೇಲೆ ನಿಮಗೆ ಬೇಕಾದ ಕಡೆ ಹೋಗಿ. ಉಳಿದ ಉತ್ತರಗಳೆಲ್ಲ ಅದರ ಮೇಲೇ ನಿಂತಿವೆ.

ಗಾಳಿಗೂ ಭಾರ ಇದೆ ಅಂತಾರೆ. ಹಾಗಾದರೆ ನಾವ್ಯಾಕೆ ಅಪ್ಪಚ್ಚಿ ಆಗಲ್ಲ?

ಭಾರ ಇದೆ, ಚೆನ್ನಾಗೇ ಇದೆ. ಸಮುದ್ರ ಮಟ್ಟದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಗಾಳಿ ಸುಮಾರು ಒಂದು ಕೆಜಿಯಷ್ಟು ಒತ್ತುತ್ತದೆ. ಮೈಸೂರು ಸಮುದ್ರಕ್ಕಿಂತ ಸುಮಾರು 770 ಮೀಟರ್ ಎತ್ತರದಲ್ಲಿದೆ, ಮಂಡ್ಯ ಸುಮಾರು 680 ಮೀಟರ್. ನಮ್ಮ ತಲೆ ಮೇಲಿನ ಗಾಳಿ ಅಷ್ಟು ಕಮ್ಮಿ. ಹಾಗಾಗಿ ಇಲ್ಲಿ ಅದು 940ರಿಂದ 950 ಗ್ರಾಂ ಅಷ್ಟೇ. ಅಂದರೂ ಚಾಚಿದ ಅಂಗೈ ಮೇಲೆ 90 ಕೆಜಿ ಹತ್ತಿರ ಆಯಿತು.

ಕೈ ಬಗ್ಗುವುದಿಲ್ಲ, ಏಕೆಂದರೆ ಅಂಗೈ ಕೆಳಗಿನಿಂದಲೂ ಅಷ್ಟೇ ಒತ್ತಡ ಇದೆ. ದೇಹದ ಒಳಗಿನ ರಕ್ತ, ನೀರು, ಶ್ವಾಸಕೋಶದ ಗಾಳಿ ಎಲ್ಲವೂ ಅದೇ ಒತ್ತಡದಲ್ಲಿವೆ. ಹಗ್ಗಜಗ್ಗಾಟದಲ್ಲಿ ಎರಡೂ ಕಡೆಯವರು ಸಮಬಲ ಇದ್ದಾಗ ಹಗ್ಗ ಅಲ್ಲಾಡದೆ ನಿಂತಿರುತ್ತದಲ್ಲ, ಹಾಗೆ. ಒಂದು ಕಡೆ ಕೈ ಸಡಿಲಿಸಿದಾಗ ಮಾತ್ರ ಬಲ ಎಷ್ಟಿತ್ತು ಅಂತ ಗೊತ್ತಾಗುತ್ತದೆ. ಕುಕ್ಕರ್ ಸಿಡಿಯುವುದು, ಸೋಲಾರ್ ಟ್ಯಾಂಕ್ ಕುಗ್ಗುವುದು, ಶೀಟು ಹಾರುವುದು, ಕಿವಿ ನೋಯುವುದು, ಎಲ್ಲದರಲ್ಲೂ ನೋಡಬೇಕಾದ್ದು ಒಂದೇ: ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ವ್ಯತ್ಯಾಸ ಎಷ್ಟು, ಅದು ಸರಿದೂಗಲು ದಾರಿ ಇದೆಯಾ, ಇಲ್ಲವಾ.

ಹವಾಮಾನದ ಆ್ಯಪ್ 1010 ಅನ್ನುತ್ತೆ, ನನ್ನ ಫೋನಿನ ಸೆನ್ಸರ್ 925 ತೋರಿಸುತ್ತೆ. ಯಾವುದು ಸರಿ?

ಎರಡೂ ಸರಿ. ಫೋನಿನ ಬ್ಯಾರೋಮೀಟರ್, ಅಂದರೆ ಒತ್ತಡ ಅಳೆಯುವ ಸೆನ್ಸರ್, ಹೇಳುವುದು ನೀವು ನಿಂತ ಜಾಗದ ನಿಜವಾದ ಒತ್ತಡ. ಆ್ಯಪ್ ಹೇಳುವುದು ಮೈಸೂರನ್ನು ಸಮುದ್ರ ಮಟ್ಟಕ್ಕೆ ಇಳಿಸಿದ್ದರೆ ಎಷ್ಟಿರುತ್ತಿತ್ತು ಅನ್ನುವ ಲೆಕ್ಕ. ಊರೂರಿನ ಎತ್ತರ ಬೇರೆ ಬೇರೆ ಇರುವುದರಿಂದ ಹೋಲಿಸಲು ಹಾಗೆ ಮಾಡುತ್ತಾರೆ. ಎರಡೂ ಹೆಕ್ಟೋಪಾಸ್ಕಲ್ ಅನ್ನುವ ಒತ್ತಡದ ಅಳತೆಯಲ್ಲೇ ಇರುತ್ತವೆ. ಸಮುದ್ರ ಮಟ್ಟದ ಸರಾಸರಿ 1013.

ಈ ವ್ಯತ್ಯಾಸವನ್ನು ಮಕ್ಕಳಿಗೆ ತೋರಿಸಕ್ಕೆ ಆಗುತ್ತಾ?

ಚಾಮುಂಡಿ ಬೆಟ್ಟ ಇದೆಯಲ್ಲ! ಬ್ಯಾರೋಮೀಟರ್ ಇರುವ ಫೋನ್ ಹಿಡಿದು ಮೆಟ್ಟಿಲು ಹತ್ತಿಸಿ. ಎಲ್ಲ ಫೋನಿನಲ್ಲೂ ಈ ಸೆನ್ಸರ್ ಇರುವುದಿಲ್ಲ, ಮೊದಲೇ ನೋಡಿಕೊಳ್ಳಿ. ಸುಮಾರು 9 ಮೀಟರ್ ಹತ್ತಿದರೆ ಒಂದು ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಬುಡದಲ್ಲಿ ಬರೆದುಕೊಳ್ಳಿ, ನಂದಿ ಹತ್ತಿರ ಸುಧಾರಿಸಿಕೊಳ್ಳುವಾಗ ಒಂದು ಸಲ ನೋಡಿ, ದೇವಸ್ಥಾನದ ಮುಂದೆ ಇನ್ನೊಂದು ಸಲ. ಊರಿಗೂ ಬೆಟ್ಟದ ತುದಿಗೂ ಒಟ್ಟು 30ರ ಆಸುಪಾಸು ವ್ಯತ್ಯಾಸ ಬರುತ್ತದೆ.

ಇಟಲಿಯಲ್ಲಿ ಟೊರಿಸೆಲ್ಲಿ 1643ರಲ್ಲಿ ಪಾದರಸದ ಬ್ಯಾರೋಮೀಟರ್ ಕಂಡುಹಿಡಿದ. ಐದು ವರ್ಷದ ನಂತರ ಫ್ರಾನ್ಸಿನ ಪ್ಯಾಸ್ಕಲ್ ಮಾಡಿಸಿದ್ದೂ ಇದೇ ಪರೀಕ್ಷೆ. ಬೆಟ್ಟ ಹತ್ತಿದ್ದು ಮಾತ್ರ ಅವನಲ್ಲ, ಅವನ ಅಕ್ಕನ ಗಂಡ. ಬೆಟ್ಟದ ತುದಿಯಲ್ಲಿ ಪಾದರಸ ಕೆಳಗಿಳಿದಿತ್ತು. ಪ್ಯಾಸ್ಕಲ್ ಹೆಸರು ಒತ್ತಡದ ಅಳತೆಗೆ ನಿಂತಿತು. ಪಾಪ, ಬೆವರು ಸುರಿಸಿದ ಭಾವನ ಹೆಸರು ಯಾರಿಗೂ ನೆನಪಿಲ್ಲ.

## ಅಡುಗೆಮನೆ

ಬಿಸಿ ಸಾರು ಹಾಕಿ ಮುಚ್ಚಿದ ಸ್ಟೀಲ್ ಡಬ್ಬಿ ಮಧ್ಯಾಹ್ನ ತೆಗೆಯಕ್ಕೇ ಬರಲ್ಲ. ಯಾಕೆ?

ಮುಚ್ಚುವಾಗ ಡಬ್ಬಿಯ ಖಾಲಿ ಜಾಗದಲ್ಲಿ ಹಬೆ ತುಂಬಿರುತ್ತದೆ. ತಣ್ಣಗಾದಾಗ ಹಬೆ ನೀರಾಗುತ್ತದೆ, ಒಳಗಿನ ಒತ್ತಡ ಬಿದ್ದುಹೋಗುತ್ತದೆ. ಹೊರಗಿನ ಗಾಳಿ ಮುಚ್ಚಳವನ್ನು ಅದುಮಿ ಹಿಡಿಯುತ್ತದೆ. ಹತ್ತು ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ ಹತ್ತು ಪರ್ಸೆಂಟ್ ವ್ಯತ್ಯಾಸ ಬಂದರೂ ಏಳು ಕೆಜಿ ಆಯಿತು. ಶಕ್ತಿ ಹಾಕಿ ತಿರುಚಬೇಡಿ, ಸಾರು ಮೈಮೇಲೆ ಬರುತ್ತದೆ. ಚಮಚದ ತುದಿಯಿಂದ ಅಂಚನ್ನು ಒಂದು ಕಡೆ ಸ್ವಲ್ಪ ಎತ್ತಿ. ಟಿಸ್ ಅಂತ ಗಾಳಿ ಒಳಗೆ ಹೋದರೆ ಮುಗಿಯಿತು. ಇಲ್ಲವೇ ಡಬ್ಬಿಯನ್ನು ಐದು ನಿಮಿಷ ಬಿಸಿನೀರಲ್ಲಿ ನಿಲ್ಲಿಸಿ. ಬೆಳಿಗ್ಗೆ ಡಬ್ಬಿ ಕಟ್ಟುವಾಗ ಎರಡು ನಿಮಿಷ ತೆರೆದಿಟ್ಟು ಮುಚ್ಚಿದರೆ ಈ ರಗಳೆಯೇ ಇಲ್ಲ.

ಮೈಸೂರಲ್ಲಿ ನೀರು 100 ಡಿಗ್ರಿಗೆ ಕುದಿಯಲ್ಲ ಅನ್ನೋದು ನಿಜಾನಾ?

ನಿಜ. 97.5 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ಮಂಡ್ಯದಲ್ಲಿ ಕೂದಲೆಳೆಯಷ್ಟು ಜಾಸ್ತಿ. ಊಟಿ 2240 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ 92.5ಕ್ಕೇ ಕುದಿ ಬರುತ್ತದೆ. ಹೊರಗಿನ ಒತ್ತಡ ಕಮ್ಮಿ ಇದ್ದಷ್ಟೂ ನೀರು ಬೇಗ ಹಬೆಯಾಗಿ ಏಳುತ್ತದೆ. ಬೇಗ ಕುದಿಯುವುದು ಅಂದರೆ ಬೇಗ ಬೇಯುವುದು ಅಂತಲ್ಲ. ಕುದಿ ಬಂದ ಮೇಲೆ ಉರಿ ಎಷ್ಟು ಜಾಸ್ತಿ ಮಾಡಿದರೂ ನೀರಿನ ಬಿಸಿ ಏರುವುದಿಲ್ಲ, ಗ್ಯಾಸ್ ಮಾತ್ರ ಖರ್ಚಾಗುತ್ತದೆ. ತೆರೆದ ಪಾತ್ರೆಯಲ್ಲಿ ಹುರುಳಿಕಾಳು ಬೇಯಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಮುದ್ದೆಗೆ ಇದರಿಂದ ತೊಂದರೆ ಏನೂ ಇಲ್ಲ, ರಾಗಿ ಹಿಟ್ಟು ಇದಕ್ಕಿಂತ ಕಮ್ಮಿ ಬಿಸಿಯಲ್ಲೇ ಬೇಯುತ್ತದೆ.

ಕುಕ್ಕರ್ ಒಳಗೆ ನಿಜವಾಗಿ ಏನಾಗುತ್ತೆ? ಅದು ಸಿಡಿಯೋದು ಯಾವಾಗ?

ನಮ್ಮ ಮನೆಗಳ ಸಾಮಾನ್ಯ ಕುಕ್ಕರಿನ ವಿಶಲ್ ಒಂದು ಚದರ ಸೆಂಟಿಮೀಟರಿಗೆ ಒಂದು ಕೆಜಿ ಲೆಕ್ಕದಲ್ಲಿ ಹಬೆಯನ್ನು ತಡೆದು ಹಿಡಿಯುತ್ತದೆ. ಇದು ಹೊರಗಿನ ಗಾಳಿಯ ಒತ್ತಡದ ಮೇಲೆ ಇನ್ನೊಂದು ಕೆಜಿ. ಎರಡೂ ಸೇರಿ ಮೈಸೂರಿನ ಕುಕ್ಕರ್ ಒಳಗೆ ನೀರು 118-119 ಡಿಗ್ರಿವರೆಗೆ ಬಿಸಿಯಾಗುತ್ತದೆ. ಅದೇ ಕುಕ್ಕರ್ ಮಂಗಳೂರಲ್ಲಿ 120 ಮುಟ್ಟುತ್ತದೆ, ಊಟಿಯಲ್ಲಿ 116. ತೆರೆದ ಪಾತ್ರೆಗಿಂತ 20 ಡಿಗ್ರಿ ಜಾಸ್ತಿ ಸಿಕ್ಕಿದ್ದಕ್ಕೇ ಅವರೆಕಾಳು ಅಷ್ಟು ಬೇಗ ಮೆತ್ತಗಾಗುವುದು.

ಇನ್ನು ಬಲದ ಲೆಕ್ಕ. 20 ಸೆಂಟಿಮೀಟರ್ ಅಗಲದ ಮುಚ್ಚಳ ಅಂದರೆ 314 ಚದರ ಸೆಂಟಿಮೀಟರ್. ವಿಶಲ್ ಕೂಗುವ ಹೊತ್ತಿಗೆ ಮುಚ್ಚಳವನ್ನು ಹೊರಕ್ಕೆ ತಳ್ಳುತ್ತಿರುವ ಬಲ 300 ಕೆಜಿಗೂ ಮೇಲೆ. ನಾಲ್ಕೈದು ಜನ ಒಳಗಿನಿಂದ ಒದ್ದ ಹಾಗೆ ಅನ್ನಿ. ಎಲ್ಲ ಸರಿ ಇದ್ದಾಗ ಕುಕ್ಕರ್ ಇದನ್ನು ಆರಾಮಾಗಿ ತಡೆಯುತ್ತದೆ. ಅಪಾಯ ಶುರುವಾಗುವುದು ಹಬೆಯ ದಾರಿ ಕಟ್ಟಿದಾಗ.

ದಾರಿ ಕಟ್ಟುವುದು ಹೇಗೆ? ತೊಗರಿಬೇಳೆ ನೊರೆ ಉಕ್ಕಿ ವಿಶಲ್ ಕೂರುವ ಕೊಳವೆಯಲ್ಲಿ ಒಣಗುತ್ತದೆ. ಟೊಮೇಟೊ ಸಿಪ್ಪೆ ಹೋಗಿ ಅಂಟಿಕೊಳ್ಳುತ್ತದೆ. ಸೊಪ್ಪಿನ ಎಲೆ ಒಂದು ಸಾಕು. ತೊಳೆದ ಮೇಲೆ ಮುಚ್ಚಳವನ್ನು ಕಿಟಕಿ ಬೆಳಕಿಗೆ ಹಿಡಿದು ಆ ಕೊಳವೆಯಲ್ಲಿ ಇಣುಕಿ ನೋಡಿ. ಗುಂಡಗೆ ಬೆಳಕಿನ ಚುಕ್ಕಿ ಕಾಣಬೇಕು. ಕಾಣದಿದ್ದರೆ ಪೊರಕೆ ಕಡ್ಡಿ ಹಾಕಿ ಬಿಡಿಸಿ. ಕುಕ್ಕರನ್ನು ಮೂರರಲ್ಲಿ ಎರಡು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ಬೇಳೆ, ಕಾಳು ಆದರೆ ಅರ್ಧಕ್ಕೇ ನಿಲ್ಲಿಸಿ.

ಮುಚ್ಚಳದ ಮೇಲೆ ಸಣ್ಣ ಗುಂಡಿಯಂತಿರುವ ಸೇಫ್ಟಿ ವಾಲ್ವ್ ಇದೆಯಲ್ಲ, ಅದರ ನಡುವೆ ಬೇಗ ಕರಗುವ ಲೋಹ ಇರುತ್ತದೆ. ನೀರು ಇಂಗಿ ಬಿಸಿ ಮಿತಿ ಮೀರಿದರೆ ಅದು ಕರಗಿ ದಾರಿ ಬಿಡುತ್ತದೆ. ವಾಲ್ವ್ ಹೋಯಿತು ಅಂತ ಬೈದುಕೊಳ್ಳಬೇಡಿ, ಅದು ಹೋಗಿದ್ದಕ್ಕೇ ಕುಕ್ಕರ್ ಉಳಿದಿದ್ದು. ಹಾಕಿಸುವಾಗ ಅದೇ ಕಂಪನಿಯದ್ದು, ಅದೇ ಅಳತೆಯದ್ದು ಹಾಕಿಸಿ. ಆ ತೂತಿಗೆ ಅಂಟು ಮೆತ್ತುವುದು, ಸ್ಕ್ರೂ ಬಿಗಿಯುವುದು, ಸಿಕ್ಕ ವಾಲ್ವ್ ತುರುಕುವುದು ಆತ್ಮಹತ್ಯೆಗೆ ಸಮ. ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಹೊಸ ಕುಕ್ಕರ್ ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆ ಐಎಸ್ 2347 ಅಂತ ಇದೆಯಾ ನೋಡಿ. ಭಾರತದಲ್ಲಿ ಮನೆಬಳಕೆ ಪ್ರೆಶರ್ ಕುಕ್ಕರಿನ ಮಾನಕದ ಸಂಖ್ಯೆ ಅದು.

ಬೇಗ ತೆಗೀಬೇಕು ಅಂತ ಕುಕ್ಕರ್ ಮೇಲೆ ತಣ್ಣೀರು ಬಿಡ್ತೀವಿ. ತಪ್ಪಾ?

ಗಟ್ಟಿ ಕುಕ್ಕರಿಗೆ ಒಂದೊಂದು ಸಲ ಮಾಡಿದರೆ ಏನೂ ಆಗುವುದಿಲ್ಲ. ಆದರೆ ಮುಚ್ಚಳ ಬಲವಂತವಾಗಿ ತೆಗೆಯಬೇಡಿ. ಒಳಗಿನ ನೀರು ಇನ್ನೂ 100 ಡಿಗ್ರಿ ಮೇಲಿದ್ದರೆ ಒತ್ತಡ ತೆಗೆದ ಕ್ಷಣ ಅದು ಎಲ್ಲ ಕಡೆಯಿಂದ ಒಟ್ಟಿಗೆ ಕುದ್ದು ಮುಖಕ್ಕೆ ಚಿಮ್ಮುತ್ತದೆ. ವಿಶಲ್ ಎತ್ತಿದಾಗ ಸದ್ದು ಬರದಿದ್ದರೆ ಮಾತ್ರ ತೆಗೆಯಿರಿ.

ಬಿಸಿ ಟೊಮೇಟೊ ರುಬ್ಬುವಾಗ ಮಿಕ್ಸಿ ಮುಚ್ಚಳ ಹಾರಿತು.

ಜಾರಿನ ಮೇಲ್ಭಾಗದ ತಣ್ಣನೆ ಗಾಳಿಗೆ ಬ್ಲೇಡು ಬಿಸಿ ರಸವನ್ನು ಎರಚುತ್ತದೆ. ಗಾಳಿ ತಟ್ಟನೆ ಬಿಸಿಯಾಗಿ ಹಿಗ್ಗುತ್ತದೆ, ಜೊತೆಗೆ ಹಬೆಯೂ ಏಳುತ್ತದೆ. ಮುಚ್ಚಳಕ್ಕೆ ಬೇರೆ ದಾರಿ ಇಲ್ಲ. ಆರಿಸಿ ರುಬ್ಬಿ. ತೀರಾ ಅವಸರ ಇದ್ದರೆ ಜಾರನ್ನು ಕಾಲು ಭಾಗ ತುಂಬಿ, ಮುಚ್ಚಳದ ಮೇಲೆ ಬಟ್ಟೆ ಇಟ್ಟು, ಒಂದೊಂದು ಸೆಕೆಂಡ್ ಮಾತ್ರ ತಿರುಗಿಸಿ.

ಸಿಲಿಂಡರ್ ಖಾಲಿ ಆಗ್ತಾ ಬಂದ ಹಾಗೆ ಒಳಗಿನ ಪ್ರೆಶರ್ ಕಮ್ಮಿ ಆಗುತ್ತಾ?

ಇಲ್ಲ, ಮತ್ತು ಇದು ತಿಳಿದಿರಬೇಕಾದ ವಿಷಯ. 14.2 ಕೆಜಿ ಸಿಲಿಂಡರಿನಲ್ಲಿ ಗ್ಯಾಸ್ ದ್ರವವಾಗಿ ಇರುತ್ತದೆ. ಅದರ ಮೇಲಿನ ಒತ್ತಡವನ್ನು ನಿರ್ಧರಿಸುವುದು ಬಿಸಿ, ಉಳಿದಿರುವ ಪ್ರಮಾಣ ಅಲ್ಲ. ಒಂದು ಲೋಟ ದ್ರವ ಉಳಿದಿದ್ದರೂ ಬೇಸಿಗೆಯಲ್ಲಿ ಒಳಗಿನ ಒತ್ತಡ ತುಂಬಿದ ಸಿಲಿಂಡರಿನಷ್ಟೇ ಇರುತ್ತದೆ. ಒಂದು ಚದರ ಸೆಂಟಿಮೀಟರಿಗೆ ಹಲವು ಕೆಜಿ ಇರುವ ಆ ಒತ್ತಡವನ್ನು ರೆಗ್ಯುಲೇಟರ್ ಸುಮಾರು 30 ಗ್ರಾಂಗೆ ಇಳಿಸಿ ಒಲೆಗೆ ಕಳಿಸುತ್ತದೆ. ರೆಗ್ಯುಲೇಟರ್ ಮೇಲೆ ಯಾಕೆ ಕೈ ಆಡಿಸಬಾರದು ಅನ್ನುವುದಕ್ಕೆ ಇದೊಂದೇ ಲೆಕ್ಕ ಸಾಕು.

ಉರಿ ಸಣ್ಣಗಾದಾಗ ಸಿಲಿಂಡರ್ ಮಲಗಿಸುವುದು, ಬಿಸಿನೀರಲ್ಲಿ ಕೂರಿಸುವುದು ನಮ್ಮಲ್ಲಿ ರೂಢಿ. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಆ ದ್ರವ ಗ್ಯಾಸಾದರೆ ಸುಮಾರು 250 ಪಟ್ಟು ಹಿಗ್ಗುತ್ತದೆ. ಬಿಸಿ ಮಾಡಿದರೆ ಒಳಗಿನ ಒತ್ತಡ ಏರುತ್ತದೆ. ಎರಡೂ ಬೇಡ. ಎಷ್ಟು ಉಳಿದಿದೆ ನೋಡಬೇಕಿದ್ದರೆ ಒದ್ದೆ ಬಟ್ಟೆಯಿಂದ ಸಿಲಿಂಡರಿನ ಪಕ್ಕ ಮೇಲಿಂದ ಕೆಳಗೆ ಒಂದು ಪಟ್ಟಿ ಒರೆಸಿ. ಖಾಲಿ ಭಾಗ ಬೇಗ ಒಣಗುತ್ತದೆ, ದ್ರವ ಇರುವ ಭಾಗದಲ್ಲಿ ತೇವ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆ ಗೆರೆಯೇ ಮಟ್ಟ.

ಸಿಲಿಂಡರಿನ ಕುತ್ತಿಗೆ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಮತ್ತು ಇಸವಿಯ ಎರಡು ಅಂಕಿ ಇರುತ್ತದೆ. ಎ ಅಂದರೆ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಅಷ್ಟರೊಳಗೆ ಮತ್ತೆ ಒತ್ತಡದ ಪರೀಕ್ಷೆ ಆಗಬೇಕು ಅಂತ ಅರ್ಥ. ಗಡುವು ಮುಗಿದಿದ್ದರೆ ಗಾಡಿಯವರಿಗೆ ವಾಪಸ್ ಕೊಡಿ, ಸಂಕೋಚ ಬೇಡ. ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆಯಿರಿ, ಯಾವ ಸ್ವಿಚ್ಚೂ ಮುಟ್ಟಬೇಡಿ, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಡಿಕೊಳ್ಳುತ್ತದೆ. ಮೇಲಿನ ವೆಂಟಿಲೇಟರ್ ಒಂದನ್ನೇ ನಂಬಿ ಕೂರಬೇಡಿ.

ಆಲೆಮನೆಯಲ್ಲಿ ಬೆಲ್ಲ, ಫ್ಯಾಕ್ಟರಿಯಲ್ಲಿ ಸಕ್ಕರೆ. ಕಬ್ಬಿನ ಹಾಲು ಒಂದೇ ಅಲ್ವಾ?

ಮಂಡ್ಯದವರೇ ಕೇಳಬೇಕಾದ ಪ್ರಶ್ನೆ. ಹಾಲು ಒಂದೇ, ಕುದಿಸುವಾಗಿನ ಒತ್ತಡ ಬೇರೆ. ಆಲೆಮನೆಯ ಕೊಪ್ಪರಿಗೆ ತೆರೆದಿರುತ್ತದೆ. ಪಾಕ ಗಟ್ಟಿಯಾಗುತ್ತಾ ಹೋದ ಹಾಗೆ ಅದರ ಕುದಿಬಿಂದು ಏರಿ ಕೊನೆಗೆ 115 ಡಿಗ್ರಿ ದಾಟುತ್ತದೆ. ಬೆಲ್ಲದ ಬಣ್ಣ, ಘಮ ಬರುವುದರಲ್ಲಿ ಈ ಬಿಸಿಗೂ ಪಾಲಿದೆ. ಸಕ್ಕರೆ ಬೆಳ್ಳಗೆ, ಹರಳಾಗಿ ಬರಬೇಕಾದರೆ ಅಷ್ಟು ಬಿಸಿ ತಗಲಬಾರದು. ಹಾಗಾಗಿ ಕಾರ್ಖಾನೆಯಲ್ಲಿ ಮುಚ್ಚಿದ ದೊಡ್ಡ ಪಾತ್ರೆಯಿಂದ ಗಾಳಿ ಹೊರಗೆಳೆದು 60-70 ಡಿಗ್ರಿಯಲ್ಲೇ ಪಾಕ ಕುದಿಯುವಂತೆ ಮಾಡುತ್ತಾರೆ. ಅದನ್ನು ವ್ಯಾಕ್ಯೂಮ್ ಪ್ಯಾನ್ ಅನ್ನುತ್ತಾರೆ. ಊಟಿಯಲ್ಲಿ ನೀರು ಬೇಗ ಕುದಿಯುವುದಕ್ಕೂ 1933ರಲ್ಲಿ ಶುರುವಾದ ಮಂಡ್ಯದ ಮೈಷುಗರ್ ಕಾರ್ಖಾನೆಯಂಥ ಕಡೆ ಸಕ್ಕರೆ ಹರಳುಗಟ್ಟುವುದಕ್ಕೂ ಕಾರಣ ಒಂದೇ.

## ರಸ್ತೆ, ಪ್ರಯಾಣ

ಊಟಿಗೆ ಹೋಗುವಾಗ ಟೈರಿನ ಗಾಳಿ ಕಮ್ಮಿ ಮಾಡಿಕೊಂಡು ಹೋಗಬೇಕಾ?

ಬೇಡ. ಗೇಜ್ ತೋರಿಸುವುದು ಟೈರ್ ಒಳಗಿನ ಒತ್ತಡ ಹೊರಗಿನದಕ್ಕಿಂತ ಎಷ್ಟು ಜಾಸ್ತಿ ಅನ್ನುವುದನ್ನು. ಮೈಸೂರಿಗಿಂತ ಊಟಿಯಲ್ಲಿ ಹೊರಗಿನ ಒತ್ತಡ ಸುಮಾರು 2 ಪಿಎಸ್‌ಐ ಕಮ್ಮಿ. ಅಂದರೆ ಇಲ್ಲಿ 33 ಇದ್ದದ್ದು ಅಲ್ಲಿ 35 ತೋರಿಸಬೇಕು. ಆದರೆ ಅಲ್ಲಿ ಚಳಿ ಅಲ್ವಾ? ಇಲ್ಲಿ 30 ಡಿಗ್ರಿ, ಅಲ್ಲಿ 15 ಡಿಗ್ರಿ ಅಂದುಕೊಂಡರೆ ತಂಪಿಗೆ ಒಳಗಿನ ಗಾಳಿ ಕುಗ್ಗಿ ಅದೇ 2 ಪಿಎಸ್‌ಐ ಚಿಲ್ಲರೆ ಇಳಿಯುತ್ತದೆ. ಎರಡೂ ಸೇರಿ ವಜಾ. ಬೆಳಿಗ್ಗೆ ಹೊರಡುವ ಮುಂಚೆ, ಟೈರು ತಣ್ಣಗಿರುವಾಗ, ಡ್ರೈವರ್ ಬಾಗಿಲಿನ ಪಕ್ಕದ ಸ್ಟಿಕ್ಕರ್‌ನಲ್ಲಿ ಇರುವಷ್ಟು ಹಾಕಿಸಿ ಹೊರಡಿ. ಗುಂಡ್ಲುಪೇಟೆಯಲ್ಲಿ ಟೀ ಕುಡಿಯುವಾಗ ಮತ್ತೆ ನೋಡಿದರೆ ಎರಡು ಮೂರು ಜಾಸ್ತಿ ತೋರಿಸಬಹುದು. ಓಡಿ ಬಿಸಿಯಾಗಿದೆ ಅಷ್ಟೇ, ಬಿಡಿಸಬೇಡಿ. ಬಿಡಿಸಿದರೆ ತಣ್ಣಗಾದಾಗ ಕಮ್ಮಿ ಬೀಳುತ್ತದೆ.

ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಬೇಸಿಗೆಯಲ್ಲಿ ಟೈರ್ ಸಿಡಿಯೋದು ಗಾಳಿ ಜಾಸ್ತಿಯಾಗಿ ಅಂತಾರೆ.

ಬಹಳ ಜನ ಹಾಗೇ ತಿಳಿದು ಗಾಳಿ ಕಮ್ಮಿ ಇಟ್ಟುಕೊಂಡು ಹೋಗುತ್ತಾರೆ. ಅದೇ ಅಪಾಯ. ಗಾಳಿ ಕಮ್ಮಿ ಇರುವ ಟೈರು ಪ್ರತಿ ಸುತ್ತಿಗೂ ಪಕ್ಕದಲ್ಲಿ ಮಡಚಿ ಬಿಚ್ಚುತ್ತದೆ. ಆ ಮಡಚಾಟ ರಬ್ಬರನ್ನು ಬಿಸಿ ಮಾಡುತ್ತದೆ. ಊರೊಳಗೆ 40ರಲ್ಲಿ ಓಡಿಸುವಾಗ ಗೊತ್ತಾಗುವುದಿಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 118 ಕಿಲೋಮೀಟರಿನ ಈ ರಸ್ತೆಯಲ್ಲಿ ಒಂದೇ ಸಮನೆ 100ರಲ್ಲಿ ಹೋದಾಗ ಬಿಸಿ ಆರಲು ಸಮಯವೇ ಸಿಗುವುದಿಲ್ಲ. ಒಳಗಿನ ನೂಲು ರಬ್ಬರಿನಿಂದ ಬಿಟ್ಟುಕೊಂಡು ಟೈರು ಕಿತ್ತುಹೋಗುತ್ತದೆ. ಲಗೇಜು, ಐದು ಜನ, ಹಳೇ ಟೈರು ಸೇರಿದರೆ ಕೇಳುವುದೇ ಬೇಡ.

ಟೈರಿನ ವಯಸ್ಸು ಅದರ ಮೇಲೇ ಬರೆದಿದೆ. ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗ್ರಿಪ್ ಚೆನ್ನಾಗಿದೆ ಅಂತ ಹತ್ತು ವರ್ಷದ ಟೈರಲ್ಲಿ ಹೆದ್ದಾರಿಗೆ ಇಳಿಯಬೇಡಿ.

ನೈಟ್ರೋಜನ್ ಹಾಕಿಸಬೇಕಾ?

ಸಾದಾ ಗಾಳಿಯಲ್ಲೇ 78 ಪರ್ಸೆಂಟ್ ನೈಟ್ರೋಜನ್ ಇದೆ. ದುಡ್ಡು ಜಾಸ್ತಿ ಇದ್ದರೆ ಹಾಕಿಸಿ. ಅದಕ್ಕಿಂತ ಹದಿನೈದು ದಿನಕ್ಕೊಮ್ಮೆ ಸಾದಾ ಗಾಳಿ ಚೆಕ್ ಮಾಡಿಸುವುದು ವಾಸಿ.

ಚಿಪ್ಸ್ ಪ್ಯಾಕೆಟ್ ಊಟಿಯಲ್ಲಿ ಉಬ್ಬುತ್ತೆ. ತಿನ್ನಬಹುದಾ?

ಧಾರಾಳವಾಗಿ. ಹೊರಗಿನ ಒತ್ತಡ ಕಮ್ಮಿಯಾಗಿ ಒಳಗಿನ ಗಾಳಿ ಹಿಗ್ಗಿದೆ ಅಷ್ಟೇ. ಅಲ್ಲಿ ಕುಡಿದು ಬಿಗಿಯಾಗಿ ಮುಚ್ಚಿಟ್ಟ ನೀರಿನ ಬಾಟಲಿ ಮೈಸೂರಿಗೆ ಬರುವಷ್ಟರಲ್ಲಿ ಸೊಟ್ಟಗಾಗುವುದೂ ಇದರಿಂದಲೇ. ಆದರೆ ಎಲ್ಲೂ ಹೋಗದೆ ನಿಮ್ಮ ಅಡುಗೆಮನೆಯಲ್ಲೇ ಇದ್ದ ಜ್ಯೂಸ್ ಪ್ಯಾಕೆಟ್ಟೋ ಟಿನ್ನೋ ಉಬ್ಬಿದ್ದರೆ ಕಥೆ ಬೇರೆ. ಒಳಗೆ ಸೂಕ್ಷ್ಮಜೀವಿಗಳು ಬೆಳೆದು ಗ್ಯಾಸ್ ಬಿಟ್ಟಿರುವ ಸಾಧ್ಯತೆ ಜಾಸ್ತಿ. ರುಚಿ ನೋಡಲೂ ಹೋಗದೆ ಎಸೆಯಿರಿ.

ಮಂಡಕಳ್ಳಿಯಿಂದ ವಿಮಾನದಲ್ಲಿ ಹೋದಾಗ, ಊಟಿ ಘಾಟಿ ಇಳಿಯುವಾಗ ಮಗುವಿಗೆ ಕಿವಿ ನೋವು.

ಕಿವಿ ತಮಟೆಯ ಹಿಂದೆ ಸ್ವಲ್ಪ ಗಾಳಿ ಇರುತ್ತದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಸಣ್ಣ ಕೊಳವೆ ಇದೆ. ನುಂಗಿದಾಗ, ಆಕಳಿಸಿದಾಗ ಅದು ತೆರೆದು ಎರಡೂ ಕಡೆಯ ಒತ್ತಡ ಸಮ ಮಾಡುತ್ತದೆ. ದೊಡ್ಡ ವಿಮಾನದ ಒಳಗೆ ಒತ್ತಡವನ್ನು 2400 ಮೀಟರ್ ಎತ್ತರದ ಮಟ್ಟಕ್ಕಿಂತ ಕೆಳಗೆ ಬೀಳಲು ಬಿಡುವುದಿಲ್ಲ. ಹೆಚ್ಚುಕಮ್ಮಿ ಊಟಿಯ ಗಾಳಿ. ಏರುವಾಗ ಅಷ್ಟು ತೊಂದರೆ ಇಲ್ಲ, ಇಳಿಯುವಾಗಲೇ ನೋವು, ಏಕೆಂದರೆ ಆಗ ಕೊಳವೆ ತಾನಾಗಿ ತೆರೆಯುವುದಿಲ್ಲ. ಕೂಸಿಗೆ ಇಳಿಯುವ ಹೊತ್ತಿನಲ್ಲಿ ಹಾಲು ಕುಡಿಸಿ, ನಿದ್ದೆ ಮಾಡುತ್ತಿದ್ದರೆ ಎಬ್ಬಿಸಿ. ದೊಡ್ಡವರಿಗೆ ಪೆಪ್ಪರ್‌ಮಿಂಟ್ ಸಾಕು. ಜೋರು ನೆಗಡಿ ಇದ್ದರೆ ಡಾಕ್ಟರನ್ನು ಕೇಳಿಕೊಂಡು ಹೊರಡಿ.

ಕಾರಲ್ಲಿ ಸ್ಪ್ರೇ ಬಾಟಲಿ ಬಿಟ್ಟು ಹೋಗಬಹುದಾ?

ಬೇಡ. ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿ ದಾಟುತ್ತದೆ. ಡಿಯೋಡರೆಂಟ್ ಕ್ಯಾನಿನ ಮೇಲೆ 50 ಡಿಗ್ರಿಗಿಂತ ಜಾಸ್ತಿ ಬಿಸಿ ತಾಗಿಸಬೇಡಿ ಅಂತಲೇ ಅಚ್ಚಾಗಿರುತ್ತದೆ. ಸಿಗರೇಟ್ ಲೈಟರ್‌ಗೂ ಇದೇ ಮಾತು.

## ಮನೆ, ಜಮೀನು

ಸೋಲಾರ್ ವಾಟರ್ ಹೀಟರಿನ ಮೇಲೆ ಎದ್ದು ನಿಂತ ಪೈಪಿಂದ ನೀರು ಉಕ್ಕುತ್ತೆ. ಕ್ಯಾಪ್ ಹಾಕಿಬಿಡಲಾ?

ದಯವಿಟ್ಟು ಬೇಡ. ಅದು ಏರ್ ವೆಂಟ್. ಇಡೀ ಸಿಸ್ಟಮ್ ಉಸಿರಾಡುವುದು ಅದರಲ್ಲೇ. ಬಿಸಿಯಾದ ನೀರು ಹಿಗ್ಗಿದರೆ, ಹಬೆ ಬಂದರೆ ಅದರಿಂದ ಹೊರಗೆ ಹೋಗಬೇಕು. ಮೇಲಿನ ತೊಟ್ಟಿಯಲ್ಲಿ ನೀರು ಮುಗಿದು, ಕೆಳಗೆ ಬಚ್ಚಲಲ್ಲಿ ನಲ್ಲಿ ತೆಗೆದಾಗ ಅದರಿಂದಲೇ ಗಾಳಿ ಒಳಗೆ ಬರಬೇಕು.

ಮುಚ್ಚಿದರೆ ಏನಾಗುತ್ತದೆ ನೋಡಿ. ಟ್ಯಾಂಕಿನ ನೀರು ತನ್ನ ತೂಕಕ್ಕೆ ಕೆಳಗೆ ಇಳಿಯಲು ಎಳೆಯುತ್ತದೆ, ಜಾಗ ತುಂಬಲು ಗಾಳಿ ಇಲ್ಲ, ಒಳಗೆ ಒತ್ತಡ ಬೀಳುತ್ತದೆ. ಒಂದು ಚದರ ಮೀಟರ್ ತಗಡಿನ ಮೇಲೆ ಬರೀ ಹತ್ತು ಪರ್ಸೆಂಟ್ ವ್ಯತ್ಯಾಸ ಬಂದರೂ ಹೊರಗಿನ ಗಾಳಿ 900 ಕೆಜಿಗಿಂತ ಜಾಸ್ತಿ ಬಲದಲ್ಲಿ ಅದುಮುತ್ತದೆ. ತೆಳುವಾದ ಒಳಟ್ಯಾಂಕ್ ಸುಕ್ಕುಗಟ್ಟಿ ಬೆಸುಗೆ ಬಿಟ್ಟುಕೊಳ್ಳುತ್ತದೆ. ಹೊರಗಿನ ಕವಚ ನೆಟ್ಟಗೇ ಇರುವುದರಿಂದ ಸೋರುವವರೆಗೂ ಗೊತ್ತಾಗುವುದಿಲ್ಲ.

ನೀರು ಉಕ್ಕುತ್ತಿದ್ದರೆ ಸಾಮಾನ್ಯವಾಗಿ ವೆಂಟ್ ಪೈಪಿನ ತುದಿ ತಣ್ಣೀರು ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗಿದೆ ಅಂತ ಅರ್ಥ. ಪೈಪು ಎತ್ತರಿಸಿದರೆ ಸರಿಹೋಗುತ್ತದೆ. ವರ್ಷಕ್ಕೊಂದು ಸಲ ತಾರಸಿ ಹತ್ತಿ ಅದರ ಬಾಯಿ ನೋಡಿ. ಕಡಜ ಅಲ್ಲಿ ಮಣ್ಣು ಮೆತ್ತಿ ಗೂಡು ಕಟ್ಟಿರುತ್ತದೆ. ತುದಿಯನ್ನು ಕೆಳಮುಖ ಬಗ್ಗಿಸಿ ತೆಳು ಜಾಲರಿ ಕಟ್ಟಿದರೆ ಒಳ್ಳೆಯದು.

ಐದು ಎಚ್‌ಪಿ ಮೋಟರ್ ಇಟ್ಟರೂ ಬಾವಿ ನೀರು ಏರುತ್ತಿಲ್ಲ. ಮೋಟರ್ ಮೇಲಿದೆ, ನೀರು 12 ಮೀಟರ್ ಕೆಳಗೆ.

ಐವತ್ತು ಎಚ್‌ಪಿ ಇಟ್ಟರೂ ಏರುವುದಿಲ್ಲ. ಪಂಪು ನೀರನ್ನು ಮೇಲಕ್ಕೆ ಎಳೆಯುತ್ತದೆ ಅನ್ನುವುದು ನಮ್ಮ ಭ್ರಮೆ. ಅದು ಪೈಪಿನ ಗಾಳಿ ತೆಗೆಯುತ್ತದೆ, ನೀರನ್ನು ಮೇಲಕ್ಕೆ ತಳ್ಳುವುದು ಬಾವಿಯ ಮೇಲಿನ ಗಾಳಿಯ ಒತ್ತಡ. ಸಮುದ್ರ ಮಟ್ಟದಲ್ಲಿ ಅದಕ್ಕೆ 10.3 ಮೀಟರ್ ತಳ್ಳುವ ಶಕ್ತಿ ಇದೆ, ಮಂಡ್ಯದಲ್ಲಿ 9.5. ಪೈಪಿನ ಘರ್ಷಣೆ, ಫುಟ್‌ವಾಲ್ವ್ ಸೋರಿಕೆ ಎಲ್ಲ ಕಳೆದರೆ ಕೈಗೆ ಸಿಗುವುದು ಆರೇಳು ಮೀಟರ್. ಮೋಟರನ್ನು ನೀರಿನ ಹತ್ತಿರಕ್ಕೆ ಇಳಿಸಿ, ಇಲ್ಲವೇ ಸಬ್‌ಮರ್ಸಿಬಲ್ ಹಾಕಿಸಿ. ಅದು ಕೆಳಗೆ ಕೂತು ತಳ್ಳುವುದರಿಂದ ಈ ಮಿತಿ ಇಲ್ಲ. ಬಾವಿಗೆ ಇಳಿಯುವ ಮುಂಚೆ ಒಂದು ಮಾತು: ಹಳೇ ಬಾವಿಯ ತಳದಲ್ಲಿ ಉಸಿರುಗಟ್ಟಿಸುವ ಗಾಳಿ ನಿಂತಿರಬಹುದು. ಒಬ್ಬರೇ ಇಳಿಯಬೇಡಿ.

ಮುಂಗಾರು ಮುಂಚಿನ ಬಿರುಗಾಳಿಗೆ ಶೀಟು ಹಾರಿಹೋಗುತ್ತೆ. ಮೇಲೆ ಕಲ್ಲು ಹೇರಿದ್ದೀವಿ, ಸಾಕಾ?

ಸಾಲದು. ಕಲ್ಲು ಶೀಟಿನ ಜೊತೆಗೇ ಹಾರಿ ಪಕ್ಕದ ಮನೆಯವರ ತಲೆ ಮೇಲೆ ಬೀಳುತ್ತದೆ. ಗಾಳಿ ಮಾಡಿನ ಮೇಲೆ ರಭಸವಾಗಿ ಹಾದು ಹೋದಾಗ ಅಲ್ಲಿ ಒತ್ತಡ ಬೀಳುತ್ತದೆ. ಮನೆಯೊಳಗಿನ ಗಾಳಿ ಕೆಳಗಿನಿಂದ ಎತ್ತುತ್ತದೆ. ಗಂಟೆಗೆ 70 ಕಿಲೋಮೀಟರ್ ಗಾಳಿಗೆ ಚದರ ಮೀಟರಿಗೆ 20 ಕೆಜಿಯಷ್ಟು ಎತ್ತುವ ಬಲ ಬರಬಹುದು, ಅಂಚು ಮೂಲೆಗಳಲ್ಲಿ ಇನ್ನೂ ಜಾಸ್ತಿ. ತಗಡಿನ ತೂಕ ಚದರ ಮೀಟರಿಗೆ ನಾಲ್ಕೈದು ಕೆಜಿ ಅಷ್ಟೇ.

ಕೊಕ್ಕೆ ಬೋಲ್ಟು ಹಾಕಿ ಶೀಟನ್ನು ಕೆಳಗಿನ ಪಟ್ಟಿಗೆ, ಪಟ್ಟಿಯನ್ನು ಗೋಡೆಗೆ ಬಿಗಿಸಿ. ಅಂಚಿನ ಸಾಲಿನಲ್ಲಿ ಬೋಲ್ಟು ಒತ್ತೊತ್ತಾಗಿ ಇರಲಿ. ಬಿರುಗಾಳಿ ಬಂದಾಗ ಕಿಟಕಿ ತೆರೆದಿಟ್ಟರೆ ಒತ್ತಡ ಸಮ ಆಗುತ್ತೆ ಅನ್ನುವ ಮಾತು ಕೇಳಿರಬಹುದು. ಗಾಳಿ ನುಗ್ಗುವ ಕಡೆಯ ಬಾಗಿಲು ತೆರೆದರೆ ಮನೆ ಒಳಗಿನಿಂದ ಉಬ್ಬಿ ಮಾಡು ಇನ್ನೂ ಬೇಗ ಏಳುತ್ತದೆ. ಮುಚ್ಚಿ.

ಗೋಲಿ ಸೋಡಾದಲ್ಲಿ ಗೋಲಿ ಬೀಳದೆ ಹೇಗೆ ನಿಲ್ಲುತ್ತೆ?

ಒಳಗಿನ ಗ್ಯಾಸು ಅದನ್ನು ಕುತ್ತಿಗೆಯ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿದಿರುತ್ತದೆ. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಮಾಡಿದ ಬಾಟಲಿ ಇದು. ಹೆಬ್ಬೆರಳಿಂದ ಒತ್ತಿದಾಗ ಗ್ಯಾಸು ಹೊರಗೆ ಬರುತ್ತದೆ, ಹಿಡಿಯುವವರು ಇಲ್ಲದೆ ಗೋಲಿ ಬೀಳುತ್ತದೆ. ಫ್ರೀಜರಿನಲ್ಲಿ ಇಡಬೇಡಿ. ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಗಾಜು ಒಡೆಯುತ್ತದೆ.

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂದರೆ ನಮ್ಮ ಮೈಗೆ ಏನಾದರೂ ಆಗುತ್ತಾ?

ಬರೀ ಒತ್ತಡದಿಂದ ಏನೂ ಆಗುವುದಿಲ್ಲ. ಸಾಮಾನ್ಯ ವಾಯುಭಾರ ಕುಸಿತದಲ್ಲಿ ಸುತ್ತಲಿಗಿಂತ ಕೆಲವೇ ಹೆಕ್ಟೋಪಾಸ್ಕಲ್ ವ್ಯತ್ಯಾಸ ಇರುತ್ತದೆ. ಚಾಮುಂಡಿ ಬೆಟ್ಟ ಹತ್ತುವಾಗ ನಿಮ್ಮ ಮೈ ಅದಕ್ಕಿಂತ ಎಷ್ಟೋ ಜಾಸ್ತಿ ವ್ಯತ್ಯಾಸ ತಡೆದುಕೊಂಡಿದೆ. ಆದರೆ ಅಷ್ಟು ಸಣ್ಣ ವ್ಯತ್ಯಾಸ ನೂರಾರು ಕಿಲೋಮೀಟರ್ ಹರಡಿದಾಗ ಸುತ್ತಲಿನ ತೇವದ ಗಾಳಿ ಅತ್ತ ನುಗ್ಗಿ ಮೇಲೆದ್ದು ಮೋಡವಾಗುತ್ತದೆ. ಛತ್ರಿ ಇಟ್ಟುಕೊಳ್ಳಿ.

## ಕಂಪ್ರೆಸರ್

ಲಾರಿ, ಟ್ರ್ಯಾಕ್ಟರ್ ಟೈರಿಗೆ ಗಾಳಿ ತುಂಬುವಾಗ ಎಲ್ಲಿ ನಿಲ್ಲಬೇಕು?

ಟೈರಿನ ಎದುರು ಮಾತ್ರ ನಿಲ್ಲಬೇಡಿ. ಕಬ್ಬಿನ ಲಾರಿಗಳ ಹಳೇ ಮಾದರಿ ಚಕ್ರದಲ್ಲಿ ರಿಮ್ಮಿಗೆ ಬೇರೆಯೇ ಲಾಕ್ ರಿಂಗ್ ಇರುತ್ತದೆ. ಒಳಗೆ 100 ಪಿಎಸ್‌ಐ ಮೇಲೆ ಗಾಳಿ ಇರುವಾಗ ಆ ರಿಂಗಿನ ಹಿಂದೆ ಟನ್‌ಗಟ್ಟಲೆ ಬಲ ಇರುತ್ತದೆ. ತುಕ್ಕು ಹಿಡಿದು ಸರಿಯಾಗಿ ಕೂರದಿದ್ದರೆ ಹಾರಿ ಬರುತ್ತದೆ. ಕಬ್ಬಿಣದ ಪಂಜರದೊಳಗೆ ಇಟ್ಟು, ಉದ್ದನೆ ಪೈಪು ಹಾಕಿ, ಪಕ್ಕಕ್ಕೆ ನಿಂತು ತುಂಬಬೇಕು. ಪಂಜರ ಇಲ್ಲದ ಅಂಗಡಿಯಲ್ಲಿ ಕನಿಷ್ಠ ರಿಮ್ಮಿಗೆ ಚೈನ್ ಸುತ್ತಿಸಿ. ರಿಂಗ್ ಕೂತಿಲ್ಲ ಅಂತ ಗಾಳಿ ತುಂಬಿರುವಾಗಲೇ ಸುತ್ತಿಗೆಯಲ್ಲಿ ಬಡಿಯುವವರನ್ನು ಕಂಡರೆ ಅಲ್ಲಿಂದ ಎದ್ದು ಬನ್ನಿ.

ಕೆಲಸ ಮುಗಿದ ಮೇಲೆ ಕಂಪ್ರೆಸರ್ ಗಾಳಿಯಲ್ಲಿ ಬಟ್ಟೆಯ ಧೂಳು ಹೊಡೆದುಕೊಳ್ಳುತ್ತೀವಿ. ಹುಡುಗರು ತಮಾಷೆಗೆ ಒಬ್ಬರ ಮೇಲೆ ಒಬ್ಬರು ಬಿಟ್ಟುಕೊಳ್ಳುತ್ತಾರೆ.

ಎರಡನ್ನೂ ಇವತ್ತೇ ನಿಲ್ಲಿಸಿ. ಕಂಪ್ರೆಸರ್ ಗಾಳಿ ಮೈಮೇಲಿನ ಗಾಯದಿಂದ ಚರ್ಮದ ಕೆಳಗೆ ಹೋಗಬಹುದು, ಕಣ್ಣಿಗೆ ಲೋಹದ ಚೂರು ಹೊಡೆಯಬಹುದು, ಕಿವಿ ತಮಟೆ ಹರಿಯಬಹುದು. ಹಿಂಬದಿಗೆ ಪೈಪು ಹಿಡಿಯುವ ತಮಾಷೆಯಂತೂ ಕೊಲೆಯೇ ಸರಿ. ಕರುಳು ತಡೆಯುವ ಒತ್ತಡ ತೀರಾ ಕಮ್ಮಿ, ಕಂಪ್ರೆಸರ್ ಬಿಡುವುದು ಅದರ ಹತ್ತಾರು ಪಟ್ಟು. ಬಟ್ಟೆಯ ಮೇಲಿಂದ ಬಿಟ್ಟರೂ ಒಂದೆರಡು ಸೆಕೆಂಡಿನಲ್ಲಿ ಕರುಳು ಒಡೆಯುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೈಕ್ ಸರ್ವಿಸ್ ಸೆಂಟರ್ ಒಂದರಲ್ಲಿ ಹೀಗೇ ಯುವಕನೊಬ್ಬ ಪ್ರಾಣ ಕಳೆದುಕೊಂಡ.

ಹೀಗೇನಾದರೂ ನಡೆದುಹೋಗಿದ್ದರೆ ಹೊಟ್ಟೆ ಉಬ್ಬರ ಇಳಿಯಲಿ ಅಂತ ಸೋಡಾ, ಜೀರಿಗೆ ಕಷಾಯ ಕುಡಿಸುತ್ತಾ ಕೂರಬೇಡಿ. ಬಾಯಿಗೆ ಏನೂ ಹಾಕದೆ, ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ನೇರ ಕರೆದುಕೊಂಡು ಹೋಗಿ. ನಾಚಿಕೆಗೆ ಬಿದ್ದು ಹೊಟ್ಟೆನೋವು ಅಂತಷ್ಟೇ ಹೇಳಬೇಡಿ. ಕಂಪ್ರೆಸರ್ ಗಾಳಿ ಹೋಗಿದೆ ಅಂತ ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ.